ಹತ್ತಿ ಸೀರೆ ಕೊಟ್ಟು ಡಬರಿ ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ದಸರೆ ಹತ್ತಿರ ಬಂತು. ನಮ್ಮ ಗದಗಿನ ಕಡೆ ಮನೆಮನೆಯಲ್ಲೂ ಹಾಸಿಗೆ ಹೊದಿಕೆ ಒಗೆಯುವ ಕೆಲಸ ಶುರುವಾಗಿದೆ. ಮಾಳಿಗೆಗಳ ಮೇಲೆ ಕೌದಿಗಳು, ಅಂದರೆ ಹಳೆ ಬಟ್ಟೆಯ ಪದರ ಕೂಡಿಸಿ ಕೈಯಿಂದ ಹೊಲಿದ ಹೊದಿಕೆಗಳು, ಒಣಗುತ್ತಿವೆ. ಇದೇ ಹೊತ್ತಿಗೆ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರೂ ಓಣಿಗೆ ಬರುತ್ತಾರೆ. ಕಳೆದ ಮಂಗಳವಾರ ನಮ್ಮ ಪಕ್ಕದ ಮನೆಯವರು ಐದು ಸೀರೆ ಕೊಟ್ಟು ಒಂದು ಡಬರಿ ತಗೊಂಡರು. ಐದರಲ್ಲಿ ಎರಡು ಹಳೆ ಇಳಕಲ್ ಸೀರೆ. ಮೈ ಅಚ್ಚ ಹತ್ತಿ, ನೂರಾರು ಸಲ ಒಗೆದು ಬೆಣ್ಣೆಯಂತೆ ಮೆತ್ತಗಾಗಿದ್ದವು. ನಾನು ಚಪ್ಪಲಿ ಮೆಟ್ಟಿ ಹೊರಗೆ ಬರುವಷ್ಟರಲ್ಲಿ ಗಂಟು ಕಟ್ಟಿ ಆಗಿತ್ತು. ಆ ಗಂಟು ಇನ್ನೂ ಕಣ್ಣಮುಂದೆ ಇದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ನಿವೃತ್ತ ಭೂಮಾಪಕ. 32 ವರ್ಷ ಸರಪಳಿ ಹಿಡಿದು ಹೊಲ ಅಳೆದವನು. ಈಗ ಕೌದಿ ಹೊಲಿಯುತ್ತೇನೆ. ಗಂಡಸರು ಕೌದಿ ಹೊಲಿಯುವುದು ನಮ್ಮ ಕಡೆ ಕಡಿಮೆ. ನನಗೂ ಅದು ತಾನಾಗಿ ಬಂದ ಕೆಲಸವಲ್ಲ. 2017ರಲ್ಲಿ ನಮ್ಮ ಅವ್ವನ ಕಣ್ಣು ಮಂಜಾದವು. ಅರ್ಧ ಹೊಲಿದ ಕೌದಿ ಅವಳ ತೊಡೆಯ ಮೇಲೇ ಇರುತ್ತಿತ್ತು. ಸೂಜಿಗೆ ದಾರ ಪೋಣಿಸಿ ಕೊಡು ಅಂತ ಕರೆಯುತ್ತಿದ್ದಳು. ಪೋಣಿಸಿ ಕೊಡುತ್ತಾ ಕೊಡುತ್ತಾ ಒಂದು ಸಾಲು ನಾನೇ ಹೊಲಿದೆ. ಅವಳು ಆ ಸಾಲನ್ನು ಬೆರಳಿನಿಂದ ಸವರಿ, "ಇಲ್ಲಿ ಸೊಟ್ಟ ಆಗೇತಿ, ಬಿಚ್ಚು" ಅಂದಳು. ಬಿಚ್ಚಿದೆ. ಮತ್ತೆ ಹೊಲಿದೆ. ಎರಡು ವರ್ಷ ಹೀಗೇ ನಡೆಯಿತು. ಅವಳು ಹೋದ ಮೇಲೂ ನಾನು ಬಿಡಲಿಲ್ಲ.

ಕೌದಿ ಗೊತ್ತಿಲ್ಲದ ಓದುಗರಿಗೆ ಒಂದೆರಡು ಮಾತು. ಕೆಳಗೆ ಒಂದು ಇಡೀ ಸೀರೆ. ನಡುವೆ ಹಳೆ ಧೋತರ, ಹರಿದ ಸೀರೆ, ಲುಂಗಿ, ಹೀಗೆ ಎರಡು ಮೂರು ಪದರ. ಮೇಲೆ ಬಣ್ಣಬಣ್ಣದ ತುಂಡುಗಳು. ಪದರ ಐದು ದಾಟಿದರೆ ಸೂಜಿ ಇಳಿಸುವುದು ಕಷ್ಟ. ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಇಟ್ಟು, ದೊಡ್ಡ ದೊಡ್ಡ ಟಾಕಿ (ಸೂಜಿಯ ಹೊಲಿಗೆ) ಹಾಕಿ ಮೊದಲು ಹಿಡಿಸಬೇಕು. ಆಮೇಲೆ ಒಂದು ಮೂಲೆಯಿಂದ ಶುರು. ಅಂಚಿನ ಗುಂಟ ಒಂದು ಸುತ್ತು, ಅದರ ಒಳಗೆ ಇನ್ನೊಂದು ಸುತ್ತು, ಅದರ ಒಳಗೆ ಮತ್ತೊಂದು. ಕೊನೆಗೆ ನಡುವಿಗೆ ಬಂದು ಸೇರಬೇಕು. ದಾರಕ್ಕೆ ಜೇನುಮೇಣ ಸವರಿಕೊಂಡರೆ ಗಂಟು ಬೀಳುವುದಿಲ್ಲ. ನಡುವಿನ ಒಂದು ಗೇಣು ಜಾಗ ಮುಚ್ಚುವ ಮುಂಚೆ ಅವ್ವ ಅದರೊಳಗೆ ನಾಲ್ಕು ಅಕ್ಕಿಕಾಳು ಹಾಕುತ್ತಿದ್ದಳು. ಕೌದಿಯ ಹೊಟ್ಟೆ ಖಾಲಿ ಇರಬಾರದು ಅನ್ನುತ್ತಿದ್ದಳು. ನಾನೂ ಹಾಕುತ್ತೇನೆ.

ಅಳೆಯುವ ಚಟ ಹೋಗುವುದಿಲ್ಲ. ಒಂದು ಸಲ ಕೂತು ಲೆಕ್ಕ ಹಾಕಿದೆ. ಆರು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಕೌದಿ. ಸಾಲಿಗೂ ಸಾಲಿಗೂ ಮುಕ್ಕಾಲು ಇಂಚು ಅಂತರ. ಎಲ್ಲ ಸುತ್ತುಗಳನ್ನೂ ಬಿಡಿಸಿ ಉದ್ದಕ್ಕೆ ಎಳೆದರೆ 432 ಅಡಿ. ನಮ್ಮ ಸರಪಳಿ 33 ಅಡಿ. ಅಂದರೆ 13 ಸರಪಳಿ ಅಳೆದ ಮೇಲೂ ಮೂರು ಅಡಿ ಉಳಿಯುತ್ತದೆ. ಇಂಚಿಗೆ ಮೂರು ಟಾಕಿ ಅಂದರೆ 15,552 ಟಾಕಿ! ನನಗೆ ದಿನಕ್ಕೆ ಎರಡು ತಾಸಿನಂತೆ ಮೂರು ತಿಂಗಳು ಬೇಕು. ನಮ್ಮ ಹಿಂದಿನ ಓಣಿಯಲ್ಲಿ ಕೌದಿ ಹೊಲಿದು ಕೊಡುವ ತಾಯಿಯೊಬ್ಬರಿದ್ದಾರೆ. ಅವರು ಬೆಳಗಿನಿಂದ ಸಂಜೆಯವರೆಗೆ ಕೂತು 20 ದಿನದಲ್ಲಿ ಮುಗಿಸುತ್ತಾರೆ. ಹೋದ ವರ್ಷ ಒಂದು ಮನೆಯವರು ಅವರಿಗೆ ಕೊಟ್ಟಿದ್ದು 800 ರೂಪಾಯಿ. ದಿನಕ್ಕೆ 40 ರೂಪಾಯಿ ಆಯಿತು. ಅದಕ್ಕೂ ಚೌಕಾಸಿ ನಡೆದಿತ್ತು. ಇದು ನ್ಯಾಯವಲ್ಲ. ಸೀರೆ ನಮ್ಮದು, ಬರೀ ಹೊಲಿಗೆ ಅವರದು ಅಂತ ಜನ ಮಾತಾಡುತ್ತಾರೆ. ಆ 15 ಸಾವಿರ ಟಾಕಿ ಬಿಟ್ಟರೆ ಕೌದಿಯಲ್ಲಿ ಉಳಿಯುವುದು ಏನು? ಅದೇ ಹಳೆ ಸೀರೆಯ ಗಂಟು ಅಲ್ವಾ?

ಈಗ ಬಟ್ಟೆಯ ಮಾತು. ಹೊಲಿಯುವುದಕ್ಕಿಂತ ಒಳ್ಳೆ ಹತ್ತಿ ಬಟ್ಟೆ ಹುಡುಕುವುದೇ ಕಷ್ಟವಾಗಿದೆ.

ಹೋದ ಬೇಸಿಗೆಯಲ್ಲಿ ರೋಣ ತಾಲ್ಲೂಕಿನ ಒಂದು ಹಳ್ಳಿಗೆ ಮದುವೆಗೆ ಹೋಗಿದ್ದೆ. ಒಂದು ಮನೆಯ ಕಟ್ಟೆಯ ಮೇಲೆ ಹುಣಸೆಹಣ್ಣು ಒಣಗಲು ಹಾಕಿದ್ದರು. ಕೆಳಗೆ ಹಾಸಿದ್ದ ಬಟ್ಟೆ ನೋಡಿ ಕಾಲು ಮುಂದೆ ಹೋಗಲಿಲ್ಲ. ಪಟ್ಟೇದ ಅಂಚಿನ ಸೀರೆ. ಗಜೇಂದ್ರಗಡ ಸೀಮೆಯಲ್ಲಿ ನೇಯುತ್ತಿದ್ದ ದಪ್ಪ ಹತ್ತಿಯ ಸೀರೆ ಇದು. ಮೈಯೆಲ್ಲ ಚೌಕಳಿ, ಅಗಲ ಅಂಚು. ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಉಡುತ್ತಿದ್ದರು. ಅದನ್ನು ನೇಯುವುದು ಎಷ್ಟೋ ವರ್ಷ ನಿಂತೇ ಹೋಗಿತ್ತು, ಈಚೆಗೆ ಮತ್ತೆ ಶುರುವಾಗಿದೆ. ಆದರೆ ಕಟ್ಟೆಯ ಮೇಲಿದ್ದದ್ದು ಹಳೆಯದೇ. ಮನೆಯ ಅಜ್ಜಿಯನ್ನು ಕೇಳಿದೆ. "ಅದು ನಮ್ಮ ಅತ್ತಿದು, ಹರದೈತಿ, ಏನ ಮಾಡ್ತಿ?" ಅಂದರು. ಕೌದಿಗೆ ಅಂದೆ. ಅವರ ಮುಖ ಅರಳಿತು. ಹಾಗೇ ಕೊಡಲು ಬಂದರು. ನಾನು ಮರುವಾರ ಒಂದು ಹೊಸ ಜಮಖಾನ ಒಯ್ದು ಕೊಟ್ಟು ಸೀರೆ ತಂದೆ. ಹುಣಸೆಯ ಕಂದು ಕಲೆ ನಾಲ್ಕು ಸಲ ಒಗೆದರೂ ಹೋಗಲಿಲ್ಲ. ಇರಲಿ ಬಿಡಿ, ಆ ಕಲೆಯೂ ಆ ಮನೆಯದೇ.

ಗುಳೇದಗುಡ್ಡಕ್ಕೆ ವರ್ಷಕ್ಕೆ ಒಂದೆರಡು ಸಲ ಹೋಗುತ್ತೇನೆ. ಅಲ್ಲಿನ ಖಣ ನಿಮಗೆ ಗೊತ್ತೇ ಇದೆ, ಕುಪ್ಪಸದ ಬಟ್ಟೆ. ನಮ್ಮ ಅವ್ವ, ಅವಳ ಅವ್ವ ಎಲ್ಲರೂ ತೊಟ್ಟಿದ್ದು ಅದೇ. ತೇರು, ಆನೆ ಹೆಜ್ಜೆ, ಸೂರ್ಯನಾರಾಯಣ ಅಂತ ಅದರಲ್ಲಿ ನೂರೆಂಟು ನಮೂನೆ. ನಾನು ಹೊಸ ಖಣ ಕೊಳ್ಳುವುದಿಲ್ಲ. ಕುಪ್ಪಸ ಹೊಲಿಯುವ ದರ್ಜಿಗಳ ಹತ್ತಿರ ಉಳಿದ ಚೂರು ಕೇಳುತ್ತೇನೆ. ಕಂಕುಳ ತಿರುವಿನಲ್ಲಿ ಕತ್ತರಿಸಿದ ಅರ್ಧಚಂದ್ರದ ತುಂಡುಗಳು ಒಂದು ಚೀಲ ತುಂಬ ಸಿಗುತ್ತವೆ. ಆ ಚೂರುಗಳ ಬಣ್ಣ ನೋಡುವುದೇ ಒಂದು ಸುಖ.

ಆದರೆ ಒಂದು ಎಚ್ಚರಿಕೆ. ಎರಡು ವರ್ಷದ ಹಿಂದೆ ಕೆಂಪು ಖಣದ ತುಂಡುಗಳನ್ನು ಒಗೆಯದೆ ಹಾಗೇ ಹಚ್ಚಿಬಿಟ್ಟೆ. ಪಕ್ಕದಲ್ಲಿ ನಮ್ಮ ಅಪ್ಪನ ಬಿಳಿ ಧೋತರದ ತುಂಡು ಇತ್ತು. ಮೊದಲ ಒಗೆತಕ್ಕೇ ಕೆಂಪು ಬಣ್ಣ ಬಿಟ್ಟು ಧೋತರವೆಲ್ಲ ಗುಲಾಬಿಯಾಯಿತು. ಅಪ್ಪನದು ಅಂತ ಉಳಿದಿದ್ದೇ ಆ ಒಂದು ಧೋತರ. ತುಂಬ ಸಂಕಟವಾಯಿತು. ಈಗ ಯಾವ ತುಂಡೇ ಆಗಲಿ ಮೂರು ಸಲ ಒಗೆದು, ಒದ್ದೆ ಇರುವಾಗ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡುತ್ತೇನೆ. ಬಣ್ಣ ಹತ್ತಲಿಲ್ಲ ಅಂದರೆ ಮಾತ್ರ ಕತ್ತರಿ ಹಾಕುತ್ತೇನೆ.

ಇದಕ್ಕಿಂತ ದೊಡ್ಡ ಕಾಟ ಪಾಲಿಯೆಸ್ಟರ್. ಇಳಕಲ್ ಸೀರೆಗೆ 2007ರಲ್ಲೇ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದೆ. ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುವುದು ಆ ನೇಕಾರರ ಕಸುಬು. ಕೆಂಪು ಸೆರಗಿನ ಮೇಲೆ ಬಿಳಿ ಎಳೆಯಲ್ಲಿ ಹಣಿಗೆಯ ಹಲ್ಲಿನ ಹಾಗೆ, ಜೋಳದ ತೆನೆಯ ಹಾಗೆ ನೇಯ್ದಿರುತ್ತಾರೆ. ಅದೇ ಸೆರಗಿನ ನಕಲು ಮಾಡಿದ ಪವರ್‌ಲೂಮ್ ಸೀರೆಗಳೂ ಇಳಕಲ್ ಅಂತಲೇ ಮಾರಾಟವಾಗುತ್ತಿವೆ. ಒಂದು ಅಂಗಡಿಯವರು ನನಗೇ ಅಚ್ಚ ಹತ್ತಿ ಅಂತ ಹೇಳಿ ಕೊಟ್ಟರು. ಮನೆಗೆ ತಂದು ಅಂಚಿನಿಂದ ಎರಡು ಎಳೆ ಕಿತ್ತು ದೀಪಕ್ಕೆ ಹಿಡಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಮುಟ್ಟಿದರೆ ಪುಡಿಯಾಗುತ್ತದೆ. ಇದು ಕರಗಿ ಗಟ್ಟಿ ಕರಿ ಮಣಿಯಾಯಿತು. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಪದರಗಳು ಜಾರುತ್ತವೆ, ಟಾಕಿ ಕಚ್ಚಿಕೊಳ್ಳುವುದಿಲ್ಲ. ಅಂಥ ಕೌದಿ ಹೊದ್ದರೆ ಸೆಕೆ, ಹಾಸಿದರೆ ಜಾರಿಕೆ. ಹೊಸ ಸೀರೆಗಳಲ್ಲಿ ಜಾಸ್ತಿ ಪಾಲು ಇದೇ ಆಗಿರುವಾಗ, ಇನ್ನು 20 ವರ್ಷಕ್ಕೆ ಕೌದಿಗೆ ಬಟ್ಟೆ ಎಲ್ಲಿಂದ ತರುವುದು? ಈಗ ಮನೆಯ ಟ್ರಂಕಿನಲ್ಲಿ ಇರುವುದೇ ಕೊನೆಯ ದಾಸ್ತಾನು. ಅದನ್ನೇ ನಾವು ಡಬರಿಗೆ ಕೊಡುತ್ತಿದ್ದೇವೆ.

ನೌಕರಿಯಲ್ಲಿ ನಾನು ನಾಲ್ಕು ವರ್ಷ ಹಳಿಯಾಳದಲ್ಲಿದ್ದೆ. ಅಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನಾಂಗದ ಹೆಂಗಸರು ಮನೆ ಮುಂದೆ ಕೂತು ಕವಂದಿ, ಅಂದರೆ ಅವರ ಕಡೆಯ ಕೌದಿ, ಹೊಲಿಯುವುದನ್ನು ದಿನಾ ನೋಡುತ್ತಿದ್ದೆ. ಆಗ ಅದರ ಬೆಲೆ ನನಗೆ ತಿಳಿಯಲಿಲ್ಲ. ಅವರು ಮೊದಲೇ ನಕ್ಷೆ ಹಾಕಿಕೊಳ್ಳುವುದಿಲ್ಲ. ಹೊಲಿಯುತ್ತಾ ಹೋಗುವಾಗಲೇ ಮುಂದಿನ ತುಂಡು ಆರಿಸುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂ ಇಡುತ್ತಾರೆ. ಅಂಥ ಕವಂದಿಗಳು ಅಮೆರಿಕದವರೆಗೂ ಹೋಗಿ ಪ್ರದರ್ಶನದಲ್ಲಿ ಗೋಡೆಯ ಮೇಲೆ ತೂಗಿವೆ. ನಾನು ಮಾತ್ರ ಅವರ ಅಂಗಳದ ಅಳತೆ ಬರೆದುಕೊಂಡು ಬಂದೆ, ಕವಂದಿ ಹೇಗೆ ಹೊಲಿಯುತ್ತೀರಿ ಅಂತ ಒಂದು ಮಾತು ಕೇಳಲಿಲ್ಲ. ಆ ಕೊರಗು ಇನ್ನೂ ಇದೆ.

ಸದ್ಯ ನನ್ನ ಕೈಯಲ್ಲಿ ಮೂರು ಕೆಲಸ ಇವೆ. ಒಂದು ಮೊಮ್ಮಗಳ ತೊಟ್ಟಿಲಿಗೆ. ಬರೀ ಖಣದ ಚೂರು, ಒಳಗೆ ಒಂದೇ ಪದರ ಮೆತ್ತನೆ ಧೋತರ. ದೀಪಾವಳಿಗೆ ಮುಗಿಯುತ್ತದೆ. ಎರಡನೆಯದು ಗೆಳೆಯರೊಬ್ಬರ ಮನೆಯ ಹಳೆ ಕೌದಿಯ ದುರಸ್ತಿ. ಇಲಿ ಕಡಿದ ಕಡೆ ತ್ಯಾಪಿ ಹಚ್ಚುತ್ತಿದ್ದೇನೆ. ಮೇಲಿನ ಪದರ ಬಿಚ್ಚಿದರೆ ಒಳಗೆ ಇನ್ನೊಂದು ಪೂರಾ ಕೌದಿ ಇತ್ತು. ಅದು ಸವೆದ ಮೇಲೆ ಅದನ್ನೇ ಒಳಗಿಟ್ಟು ಹೊಸದು ಹೊಲಿದಿದ್ದಾರೆ. ಆ ಒಳಗಿನ ಟಾಕಿಗಳು ನನ್ನವಕ್ಕಿಂತ ಎಷ್ಟೋ ಸಣ್ಣವು, ನೇರವಾದವು. ಯಾವ ಅಜ್ಜಿಯ ಕೈಯೋ!

ಮೂರನೆಯದು ಅವ್ವ ಅರ್ಧಕ್ಕೆ ಬಿಟ್ಟ ಅದೇ ಕೌದಿ. ನಡುವಿನ ಜಾಗಕ್ಕೆ ಚಂದ್ರಕಾಳಿ ಸೀರೆಯ ತುಂಡೇ ಆಗಬೇಕು ಅಂತ ಅವಳು ಹೇಳಿದ್ದಳು. ಅವಳ ಮದುವೆಯ ಕರಿ ಚಂದ್ರಕಾಳಿ ಎಂದೋ ಹರಿದು ಹೋಯಿತು. ಅಂಥದೇ ಹಳೆ ಹತ್ತಿಯದು ಒಂದು ಮೊಳ ಸಿಕ್ಕರೂ ಸಾಕು. ಆರು ವರ್ಷದಿಂದ ಹುಡುಕುತ್ತಿದ್ದೇನೆ. ಎಷ್ಟು ಸಂತೆ ತಿರುಗಿದ್ದೇನೋ ಲೆಕ್ಕವಿಲ್ಲ. ಪಕ್ಕದ ಮನೆಯವರ ಗಂಟಿನಲ್ಲಿ ಕಪ್ಪು ಬಣ್ಣದ ಒಂದು ಸೀರೆ ಕಂಡ ಹಾಗಾಯಿತು. ಅದು ಏನಾಗಿತ್ತೋ ಈಗ ತಿಳಿಯುವ ದಾರಿ ಇಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ಬೇಡಿಕೆ ಇಷ್ಟೇ. ಈ ದಸರೆಗೆ ಟ್ರಂಕು ತೆಗೆದಾಗ ಹತ್ತಿ ಬಟ್ಟೆ ಬೇರೆ, ಪಾಲಿಯೆಸ್ಟರ್ ಬೇರೆ ಮಾಡಿ. ಗೊತ್ತಾಗದಿದ್ದರೆ ಒಂದು ಎಳೆ ಕಿತ್ತು ಸುಟ್ಟು ನೋಡಿ. ಪಾಲಿಯೆಸ್ಟರ್ ಬೇಕಾದರೆ ಪಾತ್ರೆಯವರಿಗೆ ಕೊಡಿ. ಹತ್ತಿಯದನ್ನು ನಿಮ್ಮ ಓಣಿಯಲ್ಲೋ, ಪಕ್ಕದ ಹಳ್ಳಿಯಲ್ಲೋ ಕೌದಿ ಹೊಲಿಯುವವರಿಗೆ ತಲುಪಿಸಿ. ಅಂಥವರು ಇಲ್ಲ ಅನ್ನಬೇಡಿ, ಮಧ್ಯಾಹ್ನದ ಹೊತ್ತು ಕೇಳಿಕೊಂಡು ಹೋದರೆ ಸಿಗುತ್ತಾರೆ. ನಿಮ್ಮ ಮನೆಗೇ ಒಂದು ಹೊಲಿಸಿಕೊಂಡರೆ ಇನ್ನೂ ಒಳ್ಳೆಯದು. ಆಗ ಸೀರೆ ಲೆಕ್ಕ ಮಾಡಬೇಡಿ, ಅವರು ಕೂತ ದಿನ ಲೆಕ್ಕ ಮಾಡಿ ದುಡ್ಡು ಕೊಡಿ. ಹೊಲಕ್ಕೆ ಕರೆದರೆ ಒಂದು ದಿನಕ್ಕೆ ಏನು ಕೂಲಿ ಕೊಡುತ್ತೀರೋ ಅದಕ್ಕಿಂತ ಕಡಿಮೆ ಆಗದಿರಲಿ.

ಬಟ್ಟೆ ಹರಿದಿದ್ದರೂ ಪರವಾಗಿಲ್ಲ. ಒಗೆದು, ಬಿಸಿಲಿಗೆ ಒಣಗಿಸಿ ಕೊಡಿ. ಹರಿದದ್ದನ್ನು ಬಿಟ್ಟು ಗಟ್ಟಿ ಇರುವುದನ್ನು ಅವರೇ ಕತ್ತರಿಸಿಕೊಳ್ಳುತ್ತಾರೆ.

ನಿವೃತ್ತ ಭೂಮಾಪಕ,
ಗದಗ