ದೀಪಾವಳಿ ಮುಗಿದ ಮೇಲೂ ತುಂಬಿದ್ದ ಶಾಲೆ

ಏಪ್ರಿಲ್ 10ಕ್ಕೆ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮ ಮುಗಿಯಿತು. ಫಲಿತಾಂಶ ಓದಿ ಹೇಳಿ, ಪ್ರಗತಿ ಪತ್ರ ಹಂಚಿ, ಬೇಸಿಗೆ ರಜೆ ಬಿಟ್ಟೆವು. ಆವತ್ತು ಎಲ್ಲರ ಮುಂದೆ ಧನ್ಯವಾದ ಹೇಳಲು ಎದ್ದು ನಿಂತವಳು, ಗಂಟಲು ಕಟ್ಟಿ ನಾಲ್ಕು ಮಾತಿಗೇ ಕುಳಿತುಬಿಟ್ಟೆ. ಉಳಿದ ಮಾತನ್ನು ಈಗ ಬರೆಯುತ್ತಿದ್ದೇನೆ. ಓದಲು ಬಾರದ ಹಿರಿಯರಿಗೆ ಮಕ್ಕಳು ಓದಿ ಹೇಳಲಿ. ಈ ವರ್ಷ ಅವರಿಗೆ ಅದು ಬರುತ್ತದೆ.

ನಮ್ಮದು ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳನೇ ತರಗತಿ. ಅರ್ಧ ಮಕ್ಕಳು ಊರಿನವರು, ಅರ್ಧ ತಾಂಡಾದವರು, ಅಂದರೆ ಪಕ್ಕದ ಲಂಬಾಣಿ ಹಟ್ಟಿಯವರು. ಹೊರಗಿನವರಿಗೆ ಇಂಡಿ ಎಂದರೆ ಲಿಂಬೆ. 2023ರಲ್ಲಿ ನಮ್ಮ ಲಿಂಬೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಬಂತು. ಆದರೆ ತೋಟವಿದ್ದವರ ಮಾತು ಬೇರೆ, ಎರಡೆಕರೆ ಮಡ್ಡಿ ಹೊಲವನ್ನು ಮಳೆಗೆ ಒಪ್ಪಿಸಿ ಕುಳಿತವರ ಮಾತು ಬೇರೆ. ಅವರು ಮಳೆಗಾಲದಲ್ಲೇ ಕಬ್ಬು ಕಡಿಯುವ ಗ್ಯಾಂಗಿಗೆ ಸೇರಲು ಮುಂಗಡ ತೆಗೆದುಕೊಂಡಿರುತ್ತಾರೆ. ದೀಪಾವಳಿ ಮುಗಿಯುತ್ತಿದ್ದಂತೆ ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಹಾಪುರ, ಇತ್ತ ಜಮಖಂಡಿ, ಮುಧೋಳದ ಕಡೆ ಹೊರಡುತ್ತಾರೆ. ತಿರುಗಿ ಬರುವುದು ಯುಗಾದಿಯ ಹೊತ್ತಿಗೆ. ಗಂಡ ಹೆಂಡತಿ ಇಬ್ಬರೂ ಕಡಿಯಲು ಹೋದರೆ ಮಕ್ಕಳನ್ನು ಯಾರ ಕೈಯಲ್ಲಿ ಬಿಡಬೇಕು? ಮಕ್ಕಳೂ ಟ್ರ್ಯಾಕ್ಟರ್ ಹತ್ತುತ್ತಾರೆ.

ಚಿಕ್ಕ ತರಗತಿಗಳಲ್ಲಿ ಆಡುತ್ತಾ ಕಲಿಸುವ ನಲಿಕಲಿ ಪದ್ಧತಿ ಗೊತ್ತಿದ್ದವರಿಗೆ ನೆನಪಿರಬಹುದು, ಅಲ್ಲಿ ಅಕ್ಷರ ಕಲಿಕೆ ಶುರುವಾಗುವುದು ಅ ಆ ಇ ಈಯಿಂದಲ್ಲ, ರ ಗ ಸ ದ ಅ ದಿಂದ. ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಂದು ಓದಲು ಬಂದುಬಿಡುತ್ತದೆ. ನಮ್ಮಲ್ಲಿ ಒಬ್ಬ ಹುಡುಗನಿದ್ದಾನೆ. ಒಂದನೇ ತರಗತಿಯಲ್ಲಿ ದೀಪಾವಳಿಗೆ ಮುಂಚೆ ‘ಗರಗಸ’ ಓದಿ ಹೋದ. ಎರಡನೇ ತರಗತಿಗೆ ಬಂದಾಗ ಎಲ್ಲ ಮರೆತಿದ್ದ. ಮತ್ತೆ ಮೊದಲಿನಿಂದ ಕಲಿತ, ದೀಪಾವಳಿಗೆ ಮತ್ತೆ ಗರಗಸ, ಮತ್ತೆ ಟ್ರ್ಯಾಕ್ಟರ್. ಮನೆಮಾತು ಲಂಬಾಣಿ, ಐದು ತಿಂಗಳು ಕಿವಿಗೆ ಬೀಳುವುದು ಮರಾಠಿ, ಅವನ ಕನ್ನಡ ಆ ಐದು ಅಕ್ಷರದಲ್ಲೇ ನಿಂತಿತ್ತು. ಬಿಟ್ಟ ಮೆಟ್ಟಿಲಿನಿಂದಲೇ ಕಲಿಕೆಯ ಏಣಿ ಹತ್ತಬಹುದು ಎಂಬುದು ನಲಿಕಲಿಯ ಒಳ್ಳೆಯ ಗುಣ. ಆದರೆ ಅಷ್ಟು ತಿಂಗಳಲ್ಲಿ ಮಗುವಿಗೆ ಆ ಮೆಟ್ಟಿಲೇ ಮರೆತಿರುತ್ತದೆ. ಕೈ ಮೇಲೆಲ್ಲ ರವದಿ (ಕಬ್ಬಿನ ಒಣ ಎಲೆ) ಗೀರಿದ ಗಾಯ ಹೊತ್ತು ಬಂದ ಹುಡುಗಿಯರನ್ನು ಎಷ್ಟೋ ಮಾರ್ಚ್ ತಿಂಗಳಲ್ಲಿ ನೋಡಿದ್ದೇನೆ. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದು ಬರೆದು ಪೆನ್ನು ಹಿಡಿಯಲೇ ಬೇಸರವಾಗಿತ್ತು.

ಕಳೆದ ಜೂನ್‌ನಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಕರೆದಿದ್ದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಅರ್ಧ ಜನ ಹೆಣ್ಣುಮಕ್ಕಳೇ ಇರಬೇಕು. ಕಾಗದದ ಮೇಲೆ ಇರುತ್ತಿದ್ದರು, ಸಭೆಗೆ ಗಂಡಸರು ಬಂದು ಸಹಿ ಹಾಕಿ ಹೋಗುತ್ತಿದ್ದರು. ಆ ದಿನ ಹೆಣ್ಣುಮಕ್ಕಳು ಬಂದಿದ್ದರು. ಸೀಸನ್ ಹೊತ್ತಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ವಸತಿ ವ್ಯವಸ್ಥೆ ನಮ್ಮ ಊರಿಗೆ ಇಲ್ಲ, ಏನು ಮಾಡೋಣ ಎಂದು ಕೇಳಿದೆ. ಗಂಡಸರು ಅರ್ಜಿ ಬರೆಯೋಣ ಎಂದರು. ಹಿಂದೆ ಬಾಗಿಲ ಬಳಿ ಕುಳಿತಿದ್ದ, ಸಮಿತಿಯ ಸದಸ್ಯೆಯೂ ಅಲ್ಲದ, ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ ಅಜ್ಜಿಯೊಬ್ಬರು ಎದ್ದು ಹೇಳಿದರು: “ಅರ್ಜಿ ಬರೀರಿ, ಬ್ಯಾಡ ಅನ್ನಂಗಿಲ್ಲ. ಅದು ಬರೂತನಕ ನಮ್ಮ ಮನಿ ಅದಾವಲ್ಲ. ಎರಡು ರೊಟ್ಟಿ ಹೆಚ್ಚಿಗಿ ಬಡದ್ರ ನಮ್ಮ ಕೈ ಏನ್ ಸವೀತಾವೇನ್ರಿ ಅಕ್ಕೋರ?”

ಸಭೆ ಮುಗಿದದ್ದು ಆ ಮಾತಿನಿಂದ. ಎಲ್ಲವೂ ಶುರುವಾದದ್ದೂ ಅಲ್ಲಿಂದಲೇ.

ತಾಂಡಾದ ಮುಖಂಡರಾದ ನಾಯಕರು ಮತ್ತು ಅವರ ಜೊತೆಗಾರ ಕಾರಬಾರಿ ನನ್ನ ಜೊತೆ ಮನೆಮನೆಗೆ ಬಂದರು. ಅಜ್ಜ ಅಜ್ಜಿ ಇದ್ದ ಮಕ್ಕಳು ಅವರ ಬಳಿಯೇ ಉಳಿಯುವುದು, ಯಾರೂ ಇಲ್ಲದವರು ಊರಿನ ಮನೆಗಳಲ್ಲಿ, ಅಣ್ಣ ತಂಗಿಯರನ್ನು ಮಾತ್ರ ಬೇರೆ ಬೇರೆ ಮನೆಗೆ ಹಾಕಬಾರದು ಎಂದು ಮಾತಾಯಿತು. ಮನೆಗೆ ಇಷ್ಟೆಂದು ಜೋಳ ಕೂಡಿಸಿದೆವು. ಒಬ್ಬರು ಚೀಲ ಕೊಟ್ಟರು, ಒಬ್ಬರು ಸೇರು ಕೊಟ್ಟರು. ಸೇರು ಕೊಟ್ಟವರ ಮನೆಯಲ್ಲಿ ಇದ್ದದ್ದೇ ಅಷ್ಟು ಎಂಬುದು ನನಗೆ ಗೊತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಭಾಗದಲ್ಲಿ ತಾಂಡಾದವರು ಊರ ಮನೆಗೆ ಬಂದರೆ ಕಟ್ಟೆಯ ಮೇಲೆ ಕುಳಿತು ಮಾತಾಡಿ ಹೋಗುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಈ ವರ್ಷ ಅದೇ ಮನೆಗಳಲ್ಲಿ ತಾಂಡಾದ ಮಕ್ಕಳು ಪಡಸಾಲೆ ದಾಟಿ ಒಳಗೆ ಹೋಗಿ, ಒಲೆಯ ಮುಂದೆ ಕುಳಿತು ಬಿಸಿ ರೊಟ್ಟಿ ಉಂಡರು. ಅದೇ ಕೌದಿಯಲ್ಲಿ ಮಲಗಿದರು. ಇದನ್ನು ಯಾರೂ ದೊಡ್ಡದು ಮಾಡಿ ಹೇಳಲಿಲ್ಲ. ನಾನು ಹೇಳುತ್ತೇನೆ, ನನಗೆ ಇದು ದೊಡ್ಡದು.

ದೀಪಾವಳಿಯ ರಾತ್ರಿ ತಾಂಡಾದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಎಂಬ ಹಬ್ಬದ ಹಾಡು ಹಾಡುತ್ತಾರೆ. ಈ ಸಲ ಊರಿನ ಮನೆಗಳಿಗೂ ಬಂದು ಹಾಡಿದರು. ಮರುದಿನ ಬೆಳಗಿನ ಜಾವ ಟ್ರ್ಯಾಕ್ಟರ್ ಬಂತು. ನಾನು ಹಿಂದಿನ ರಾತ್ರಿ ಊರಲ್ಲೇ ಉಳಿದಿದ್ದೆ. ಪಾತ್ರೆ, ಹಾಸಿಗೆ, ಉರುವಲು, ಒಂದು ಆಡು, ಎಲ್ಲವೂ ಟ್ರೇಲರಿಗೆ ಏರಿತು. ಮಕ್ಕಳು ಕೆಳಗೆ ನಿಂತಿದ್ದರು. ಒಬ್ಬ ತಾಯಿ ಏರಿದವಳು ಇಳಿದಳು, ಮಗಳ ಜಡೆ ಬಿಚ್ಚಿ ಮತ್ತೆ ಹೆಣೆದಳು, ರಿಬ್ಬನ್ ಬಿಗಿದಳು, ಏರಿದಳು. ಮತ್ತೆ ಇಳಿದು ಬರುತ್ತಾಳೇನೋ ಎಂದು ನಾವೆಲ್ಲ ನೋಡುತ್ತಿದ್ದೆವು. ಇಳಿಯಲಿಲ್ಲ, ಮುಖ ಆ ಕಡೆ ತಿರುಗಿಸಿ ಕುಳಿತಳು. ಇಂಥವರಿಗೆ ಮಕ್ಕಳ ಓದಿನ ಚಿಂತೆ ಇಲ್ಲ ಎಂದು ಯಾರಾದರೂ ನನ್ನ ಮುಂದೆ ಅಂದರೆ ಇನ್ನು ಮೇಲೆ ನಾನು ಸುಮ್ಮನಿರುವುದಿಲ್ಲ. ತಾಯಂದಿರೇ, ತಂದೆಯಂದಿರೇ, ಈ ವರ್ಷದ ಮೊದಲ ನಮಸ್ಕಾರ ನಿಮಗೆ. ನಂಬಿ ಬಿಟ್ಟು ಹೋದಿರಿ.

ಬಿಸಿಯೂಟದ ಅಕ್ಕನವರಿಗೆ ಹೇಗೆ ಧನ್ಯವಾದ ಹೇಳಲಿ? 2002ರಲ್ಲಿ ರಾಜ್ಯದಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ನಮ್ಮ ಮುಖ್ಯ ಅಡುಗೆಯವರು ಆ ಮೊದಲ ದಿನಗಳಿಂದ ಇದೇ ಒಲೆಯ ಮುಂದಿದ್ದಾರೆ. ಲೆಕ್ಕದಲ್ಲಿ ಐದನೇ ತರಗತಿಯವರೆಗಿನ ಮಗುವಿಗೆ 100 ಗ್ರಾಂ ಅಕ್ಕಿ, ಆರು ಏಳಕ್ಕೆ 150. ಅವರ ಸೌಟಿಗೆ ಬೇರೆಯದೇ ಲೆಕ್ಕವಿದೆ. ತಾಯಿ ಹತ್ತಿರವಿಲ್ಲದ ಮಗು ತಟ್ಟೆ ಹಿಡಿದು ಬಂದರೆ ಸಾರಿನ ತಳದ ಬೇಳೆ ಎತ್ತಿ ಬಡಿಸುತ್ತಿದ್ದರು. ಬೆಳಗಿನ ಹಾಲು ಬೇಡ ಎನ್ನುತ್ತಿದ್ದ ಚಿಕ್ಕವಳೊಬ್ಬಳಿಗೆ ತಾವೇ ಕೂತು ಲೋಟ ಬಾಯಿಗೆ ಹಿಡಿದು ಕುಡಿಸಿದ್ದನ್ನು ಕಿಟಕಿಯಿಂದ ನೋಡಿದ್ದೇನೆ.

ಕಿರಾಣಿ ಅಂಗಡಿ ಕಾಕಾ, ನಿಮಗೆ. ಪ್ರತಿ ಭಾನುವಾರ ಸಂಜೆ ಅಂಗಡಿ ವ್ಯಾಪಾರ ನಿಲ್ಲಿಸಿ, ಫೋನನ್ನು ತಕ್ಕಡಿಯ ತಟ್ಟೆಯಲ್ಲಿಟ್ಟು ಸ್ಪೀಕರ್ ಹಾಕುತ್ತಿದ್ದಿರಿ. ಮಕ್ಕಳು ಚೀಲಗಳ ಮೇಲೆ ಸಾಲಾಗಿ ಕೂರುತ್ತಿದ್ದರು. ಆ ಕಡೆ ಕಬ್ಬಿನ ಗದ್ದೆಯ ಬದುವಿನಲ್ಲಿ ರೇಂಜ್ ಸಿಗುವ ಜಾಗ ಹುಡುಕಿ ನಿಂತ ತಾಯಂದಿರು. ಉಂಡಿಯಾ, ಜ್ವರ ಬಂದಿತ್ತಂತಲ್ಲ, ಅಕ್ಕೋರು ಬೈದರಾ, ಹೀಗೇ ಮಾತು. ಗರಗಸದ ಹುಡುಗ ಮಾತ್ರ ಮೊದಲ ಮೂರು ವಾರ ಏನೂ ಮಾತಾಡಲಿಲ್ಲ. “ಯಾಡಿ” (ಅವ್ವ) ಎಂದು ಒಮ್ಮೆ ಕರೆದು ಸುಮ್ಮನೆ ಫೋನ್ ನೋಡುತ್ತ ಕೂರುತ್ತಿದ್ದ. ಅವನ ಸರದಿ ಬಂದಾಗ ನೀವು ಕಾಲ್ ಕಟ್ ಮಾಡದೆ, ಮುಂದಿನವರನ್ನು ಕರೆಯದೆ ಹಾಗೇ ಬಿಡುತ್ತಿದ್ದಿರಿ. ಆ ಕಡೆ ತಾಯಿಯೂ ಸುಮ್ಮನೆ, ಈ ಕಡೆ ಇವನೂ ಸುಮ್ಮನೆ.

ಡಿಸೆಂಬರಿನಲ್ಲಿ ಒಂದು ದಿನ ಅವನು ಕಾಣಲಿಲ್ಲ. ಪ್ರಾರ್ಥನೆಗೆ ಬಂದಿದ್ದ, ಹಾಲು ಕುಡಿದಿದ್ದ, ಎರಡನೇ ಪಿರಿಯಡ್ ಹೊತ್ತಿಗೆ ಚೀಲ ಮಾತ್ರ ಇತ್ತು. ಬಾವಿ, ಹಳ್ಳ, ತೋಟ ಎಲ್ಲ ಹುಡುಕಿದೆವು. ಆ ಎರಡು ತಾಸು ನನಗೆ ಮರೆಯುವಂಥವಲ್ಲ. ಅವನು ತಾಯಿ ಇದ್ದಲ್ಲಿಗೆ ಹೊರಟು, ಡಾಂಬರ್ ರಸ್ತೆಯಲ್ಲಿ ನಡೆಯುತ್ತಿದ್ದ. ನಮ್ಮ ಊರಿನ ಬಸ್ಸಿನ ಕಂಡಕ್ಟರ್ ಸಮವಸ್ತ್ರ ನೋಡಿ ಬಸ್ ನಿಲ್ಲಿಸಿ, ಹತ್ತಿಸಿಕೊಂಡು, ಮರಳಿ ಬರುವ ಟ್ರಿಪ್ಪಿನಲ್ಲಿ ಶಾಲೆಯ ಗೇಟಿಗೇ ತಂದು ಬಿಟ್ಟರು. ಬೈಯಬೇಡ್ರಿ ಅಕ್ಕೋರ, ದಾರ್ಯಾಗ ಬಿಸ್ಕಿಟ್ ಕೊಡ್ಸೀನಿ ಎಂದಷ್ಟೇ ಹೇಳಿ ಹೋದರು. ಕಂಡಕ್ಟರ್ ಅಣ್ಣಾ, ನೀವು ಆ ದಿನ ಕಿಟಕಿಯಾಚೆ ನೋಡಿದ್ದಕ್ಕೆ ನಾನು ಬದುಕಿರುವವರೆಗೆ ಋಣಿ.

ಸಂಜೆ ಆರರಿಂದ ಎಂಟರವರೆಗೆ ಶಾಲೆಯಲ್ಲೇ ಓದಿಸಿದ ಇಬ್ಬರು ಅತಿಥಿ ಶಿಕ್ಷಕಿಯರಿಗೆ, ಜ್ವರ ಬಂದ ಮಕ್ಕಳನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದ ಆಶಾ ಕಾರ್ಯಕರ್ತೆಗೆ, ಕರೆದಾಗೆಲ್ಲ ಬಂದ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವರಿಗೆ, ಕೊನೆಯ ದಿನ ಬುಟ್ಟಿಗಟ್ಟಲೆ ಲಿಂಬೆ ತಂದು ಎಲ್ಲರಿಗೂ ಶರಬತ್ತು ಮಾಡಿಸಿದ ತೋಟದವರಿಗೆ ಕೈಮುಗಿಯುತ್ತೇನೆ.

ಎಲ್ಲ ಮಕ್ಕಳೂ ಉಳಿದರು ಎಂದು ಬರೆಯಲು ಆಸೆಯಿತ್ತು. ಒಬ್ಬಳು ಉಳಿಯಲಿಲ್ಲ. ಆರನೇ ತರಗತಿ ಹುಡುಗಿ. ತಾಯಿಗೆ ಹಸುಗೂಸು, ಗುಡಿಸಲಿನಲ್ಲಿ ಅದನ್ನು ನೋಡಿಕೊಳ್ಳಲು ಇವಳೇ ಬೇಕಾಯಿತು. ಹೋಗುವಾಗ ಕನ್ನಡ ಮತ್ತು ಗಣಿತದ ಪುಸ್ತಕ ಕೇಳಿ ತೆಗೆದುಕೊಂಡು ಹೋದಳು. ಮಾರ್ಚ್‌ನಲ್ಲಿ ಬಂದಾಗ ಗಣಿತದ ಪುಸ್ತಕದ ಹೊದಿಕೆ ಇರಲಿಲ್ಲ, ಒಳಗೆ ಪೆನ್ಸಿಲಿನಲ್ಲಿ ಲೆಕ್ಕ ಬಿಡಿಸಿದ್ದಳು. ಭಾಗಾಕಾರದವರೆಗೆ ತಾನೇ ಮಾಡಿದ್ದಾಳೆ. ರಜೆಯಲ್ಲಿ ವಾರಕ್ಕೆರಡು ದಿನ ಅವಳಿಗಾಗಿ ಬರುತ್ತೇನೆ ಎಂದು ಅವಳ ತಾಯಿಗೆ ಮಾತು ಕೊಟ್ಟಿದ್ದೇನೆ.

ಮೊನ್ನೆ ಏಪ್ರಿಲ್ 10ಕ್ಕೆ ಗರಗಸದ ಹುಡುಗನ ತಂದೆ ತಾಯಿ ಇಬ್ಬರೂ ಬಂದಿದ್ದರು. ಅವನು ಮೂರನೇ ತರಗತಿಯ ಪುಸ್ತಕದಿಂದ ಒಂದು ಪುಟ ಓದಿದ. ಒತ್ತಕ್ಷರ ಬಂದಲ್ಲಿ ನಿಂತ, ಬೆರಳಿಟ್ಟ, ಮತ್ತೆ ಓದಿದ. ಪುಟ ಮುಗಿದಾಗ ತಂದೆ, “ಮುಂದಿಂದೂ ಓದು” ಎಂದರು. ಓದಿದ. “ಅದರ ಮುಂದಿಂದು?” ಮತ್ತೆ ಓದಿದ. ಹಿಂದೆ ಫಲಿತಾಂಶಕ್ಕಾಗಿ ಕಾಯುತ್ತಿದ್ದ ಪಾಲಕರು ಯಾರೂ ಗದ್ದಲ ಮಾಡಲಿಲ್ಲ.

ಎಲ್ಲರೂ ಹೋದ ಮೇಲೆ ಕೋಣೆಗೆ ಬೀಗ ಹಾಕಲು ಹೋದೆ. ಜೂನ್ ಸಭೆಯಲ್ಲಿ ಎದ್ದು ಮಾತಾಡಿದ್ದ ಅಜ್ಜಿ ಒಳಗಿದ್ದರು. ಕೂಡಿಸಿದ್ದ ಜೋಳದಲ್ಲಿ ಒಂದೂವರೆ ಚೀಲ ಉಳಿದಿತ್ತು. ಅದಕ್ಕೆ ಬೇವಿನ ಎಲೆ ಬೆರೆಸಿ, ಚೀಲದ ಬಾಯಿಗೆ ದಬ್ಬಣದಿಂದ ಹೊಲಿಗೆ ಹಾಕುತ್ತಿದ್ದರು. ಕೊಟ್ಟವರಿಗೆ ತಿರುಗಿ ಹಂಚೋಣವೇ ಅಜ್ಜಿ ಎಂದು ಕೇಳಿದೆ. ತಲೆ ಎತ್ತದೆ ದಾರ ಕಡಿದರು.

“ಇರ್ಲಿ ಬಿಡ್ರಿ ಅಕ್ಕೋರ. ದೀಪಾಳಿಗಿ ಬೇಕಾಗತೈತಿ.”