ಬಿಸಿಲಿಗೆ ಬಾಡುವ ಫಜ್, ಕರಕರ ಎನ್ನುವ ವಾ

ಮಾನ್ಯ ಸಂಪಾದಕರೇ,

ದುಗ್ಗಮ್ಮನ ಜಾತ್ರೆ ಕಳೆದು ಬಿಸಿಲೇರಿತೆಂದರೆ ದಾವಣಗೆರೆಯ ಹಳೆಯ ಆರ್ಕೆಸ್ಟ್ರಾ ತಂಡಗಳಲ್ಲಿರುವ, ಗಿಟಾರಿನ ದನಿಯನ್ನು ಒರಟಾಗಿಸುವ ಫಜ್ ಪೆಡಲ್‌ಗಳಿಗೆ ಕಾಯಿಲೆ ಶುರು. ಚಳಿಗಾಲದಲ್ಲಿ ಎಳೆದಷ್ಟೂ ನಿಲ್ಲುತ್ತಿದ್ದ ಸ್ವರ ಈಗ ನಡುವೆಯೇ ಕಡಿದು, ಹರಿದ ಸ್ಪೀಕರಿನಂತೆ ಪುಸ್ಸೆನ್ನುತ್ತದೆ. ಟ್ರಾನ್ಸಿಸ್ಟರ್ ಸುಟ್ಟಿದೆ ಎಂದು ತೀರ್ಮಾನಿಸಿ ಒಳಗಿರುವುದನ್ನೆಲ್ಲ ಕಿತ್ತು ಹೊಸದು ಹಾಕಿಸುವವರಿದ್ದಾರೆ, ಗುಜರಿಗೆ ಹಾಕುವವರೂ ಇದ್ದಾರೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ತಂದ ದುಂಡನೆಯ ಫಜ್ ಫೇಸ್ ಮತ್ತು ಅದನ್ನು ನೋಡಿ ಮಾಡಿದ ಅನೇಕ ಪೆಡಲ್‌ಗಳಲ್ಲಿ ಇರುವುದು ಎರಡೇ ಟ್ರಾನ್ಸಿಸ್ಟರ್. ಮೊದಮೊದಲಿನವು ಜರ್ಮೇನಿಯಂ ಎಂಬ ಧಾತುವಿನವು. ಈ ಜರ್ಮೇನಿಯಂ ಶಾಖಕ್ಕೆ ತಡೆಯುವುದಿಲ್ಲ. ಅದರಲ್ಲಿ ಸೋರುವ ಕರೆಂಟು ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿದಾಗಲೆಲ್ಲ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತದೆ. ತಂಪು ದೇಶದಲ್ಲಿ 20 ಡಿಗ್ರಿಗೆ ಹೊಂದಿಸಿದ ಪೆಡಲನ್ನು ನಮ್ಮ ಏಪ್ರಿಲ್ ಮಧ್ಯಾಹ್ನ, ತಗಡಿನ ಶಾಮಿಯಾನದಡಿ ಸೌಂಡ್ ಚೆಕ್‌ಗೆ ಇಟ್ಟರೆ ಇನ್ನೇನಾದೀತು?

ಮೊದಲು ಮಾಡಬೇಕಾದ್ದು ಪೆಡಲನ್ನು ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಅರ್ಧ ಗಂಟೆ ಇಟ್ಟು ಮತ್ತೆ ನುಡಿಸಿ ನೋಡುವುದು. ಸ್ವರ ಮರಳಿದರೆ ಟ್ರಾನ್ಸಿಸ್ಟರ್ ಸತ್ತಿಲ್ಲ. ಆಮೇಲೆ ತಳದ ಮುಚ್ಚಳ ತೆಗೆದು, ಮಲ್ಟಿಮೀಟರಿನ ಕಪ್ಪು ತುದಿಯನ್ನು ಗ್ರೌಂಡಿಗೂ ಕೆಂಪು ತುದಿಯನ್ನು ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಎಂಬ ಕಾಲಿಗೂ ಹಿಡಿಯಬೇಕು. ಬ್ಯಾಟರಿಯ 9 ವೋಲ್ಟಿನಲ್ಲಿ ಅರ್ಧ, ಅಂದರೆ ಸುಮಾರು 4.5 ಸಿಗಬೇಕು. ಮೈನಸ್ ಗುರುತು ಬಂತೆಂದು ಗಾಬರಿ ಬೇಡ; ಪಿಎನ್‌ಪಿ ಟ್ರಾನ್ಸಿಸ್ಟರಿನ ಈ ಪೆಡಲ್‌ಗಳಲ್ಲಿ ಬ್ಯಾಟರಿಯ ಪಾಸಿಟಿವ್ ತಂತಿಯೇ ಗ್ರೌಂಡು. ಅಂಕಿ ಬಹಳ ಸರಿದಿದ್ದರೆ ಆ ಕಲೆಕ್ಟರಿಗೆ ಬರುವ 8.2 ಕಿಲೋ ಓಮ್ ರೆಸಿಸ್ಟರಿನ ಜಾಗದಲ್ಲಿ 20 ಕಿಲೋ ಓಮ್‌ನ ಪುಟ್ಟ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಬೆಸೆದು, ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಿರುಗಿಸಿ 4.5ಕ್ಕೆ ತಂದರಾಯಿತು. ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ಹೊಂದಿಸಿಕೊಳ್ಳಬಹುದು. ಬೆಸುಗೆ ಹಾಕುವಾಗ ಟ್ರಾನ್ಸಿಸ್ಟರಿನ ಕಾಲಿಗೆ ಮೊಸಳೆ ಕ್ಲಿಪ್ ಕಚ್ಚಿಸಿದ್ದರೆ ಬಿಸಿ ಒಳಗೆ ಹೋಗುವುದಿಲ್ಲ. ಇಷ್ಟು ಮಾಡದೆ ಕೈಗೆ ಸಿಕ್ಕ ಎನ್‌ಪಿಎನ್ ಸಿಲಿಕಾನನ್ನು ಅದೇ ತೂತುಗಳಿಗೆ ಕೂರಿಸಿದರೆ ಪೆಡಲ್ ನುಡಿಯುವುದೇ ಇಲ್ಲ, ಧ್ರುವವೇ ಉಲ್ಟಾ.

ಪಾಸಿಟಿವ್ ಗ್ರೌಂಡಿನಿಂದ ಇನ್ನೊಂದು ಅನಾಹುತವೂ ಉಂಟು. ಒಂದೇ ಅಡಾಪ್ಟರಿನಿಂದ ಕವಲು ತಂತಿ ಎಳೆದು ಈ ಫಜ್‌ಗೂ ಹೊಸ ಡಿಲೇ, ಕೋರಸ್‌ಗಳಿಗೂ ಕರೆಂಟು ಕೊಡುವುದು ಈಗ ರೂಢಿ. ಹೊಸ ಪೆಡಲ್‌ಗಳಲ್ಲಿ ನೆಗೆಟಿವ್ ಗ್ರೌಂಡು. ಗಿಟಾರ್ ಕೇಬಲ್ ಎರಡರ ಡಬ್ಬಿಗಳನ್ನೂ ಜೋಡಿಸಿದ ಕ್ಷಣವೇ ಅಡಾಪ್ಟರ್ ಶಾರ್ಟ್. ಹಳೆಯ ಫಜ್‌ಗೆ ಅಗ್ಗದ ಜಿಂಕ್ ಕಾರ್ಬನ್ 9 ವೋಲ್ಟ್ ಬ್ಯಾಟರಿಯೇ ಸರಿ. ನುಡಿಸಿ ಮುಗಿದ ಮೇಲೆ ಇನ್‌ಪುಟ್ ಕಡೆಯ ಪಿನ್ ಕಿತ್ತಿಡಬೇಕು, ಏಕೆಂದರೆ ಆ ಜ್ಯಾಕೇ ಇಲ್ಲಿ ಆನ್ ಆಫ್ ಸ್ವಿಚ್ಚು. ತಿಂಗಳುಗಟ್ಟಲೆ ಮೂಲೆಗಿಡುವುದಾದರೆ ಬ್ಯಾಟರಿಯನ್ನೇ ತೆಗೆದಿಡಿ. ಅದು ಸೋರಿದರೆ ತಾಮ್ರದ ಗೆರೆಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ.

ಇನ್ನು ವಾ. ಟ್ರಂಪೆಟ್ ಬಾಯಿಗೆ ಮ್ಯೂಟ್ ಅಡ್ಡ ಹಿಡಿದು ತೆಗೆದಾಗಿನ ದನಿಯನ್ನು ಪಾದದಲ್ಲಿ ತರುವ ಈ ಪೆಡಲ್ 1967ರಲ್ಲಿ ವೋಕ್ಸ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇದಕ್ಕೆ ಬರುವ ಸಾಮಾನ್ಯ ಕಾಯಿಲೆ ಕರಕರ. ನಮ್ಮೂರ ಧೂಳಿಗೆ ಪಾಟ್, ಅಂದರೆ ತುಳಿದಂತೆ ತಿರುಗುವ ರೆಸಿಸ್ಟರ್, ಕೆಡುವುದು ನಿಜ, ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಬಿಟ್ಟು ಹತ್ತಿಪ್ಪತ್ತು ಸಲ ತುಳಿದರೆ ಬಹುತೇಕ ಹೋಗುತ್ತದೆ. ಹೊಲಿಗೆ ಮಿಷನ್ ಎಣ್ಣೆ ಮಾತ್ರ ಬೇಡ, ಧೂಳು ಅಂಟಿ ಮುದ್ದೆಯಾಗುತ್ತದೆ. ಕ್ಲೀನರಿಗೂ ಬಗ್ಗದ ಕರಕರವಿದ್ದರೆ ತಪ್ಪು ಪಾಟಿನದೇ ಆಗಿರಬೇಕಿಲ್ಲ. ಪೆಡಲ್ ಆನ್ ಮಾಡಿ ಪಾಟಿನ ನಡುಗಾಲಿಗೆ ಮೀಟರ್ ಹಿಡಿಯಿರಿ. ಸೊನ್ನೆ ವೋಲ್ಟ್ ಇರಬೇಕು. ಏನಾದರೂ ತೋರಿಸಿದರೆ ಅಕ್ಕಪಕ್ಕದ 0.22 ಮೈಕ್ರೋಫ್ಯಾರಡ್ ಕೆಪಾಸಿಟರ್ ಡಿಸಿ (ಬ್ಯಾಟರಿಯ ನೇರ ಕರೆಂಟು) ಸೋರಿಸುತ್ತಿದೆ. ಬದಲಿಸಲು ಕೆಲವೇ ರೂಪಾಯಿ.

ದನಿ ಪೂರ್ತಿ ತೆರೆಯುತ್ತಿಲ್ಲ, ಬರೀ ಗೊರಗೊರ ಎನ್ನುತ್ತದೆ ಎಂದಾದರೆ ಪೆಡಲನ್ನು ಮಗುಚಿ ನೋಡಿ. ತುಳಿಯುವ ಹಲಗೆಯಿಂದ ಇಳಿದ ಹಲ್ಲುಪಟ್ಟಿ ಪಾಟಿನ ತುದಿಯ ಚಕ್ರವನ್ನು ಕಚ್ಚಿರುತ್ತದೆ. ತುಳಿದೂ ತುಳಿದೂ ಅದು ಒಂದೆರಡು ಹಲ್ಲು ಜಾರಿರುತ್ತದೆ. ಪಾಟಿನ ನಟ್ ಸಡಿಲಿಸಿ, ಪಟ್ಟಿಯಿಂದ ಬಿಡಿಸಿ, ಚಕ್ರವನ್ನು ಒಂದು ಹಲ್ಲು ತಿರುಗಿಸಿ ಮತ್ತೆ ಕಚ್ಚಿಸಿ ಕೇಳಿ. ಕಿವಿಗೆ ಹಿತವಾಗುವ ಜಾಗ ಸಿಗುವವರೆಗೆ ಇದೇ ಆಟ.

ಎರಡನ್ನೂ ಒಟ್ಟಿಗೆ ನುಡಿಸುವವರು ಗಿಟಾರಿನಿಂದ ನೇರ ಫಜ್‌ಗೆ ಬಂದು, ಆಮೇಲೆ ವಾಗೆ ಹೋಗುವುದು ಒಳ್ಳೆಯದು. ಇಂಥ ಫಜ್ ತನಗಿಂತ ಮೊದಲು ಜೋಡಿಸಿದ್ದನ್ನು ಜಗ್ಗುತ್ತದೆ. ವಾ ಮೊದಲಿದ್ದರೆ ಅದರ ಏರಿಳಿತವೇ ಸತ್ತು ಹೋಗುತ್ತದೆ. ನೇರ ಜೋಡಿಸಿದಾಗ ಗಿಟಾರಿನ ವಾಲ್ಯೂಮನ್ನು ತುಸು ಇಳಿಸಿದರೆ ಸಾಕು, ಫಜ್ ತಾನೇ ತಿಳಿಯಾಗುತ್ತದೆ. ಜರ್ಮೇನಿಯಂ ಬಿಡಬೇಡಿ ಎನ್ನುವುದೇ ಇದಕ್ಕೆ.

ಪಾಟನ್ನು ಬದಲಿಸಲೇಬೇಕಾಗಿ ಬಂದರೆ ಹಳೆಯದರ ಬೆನ್ನ ಮೇಲಿನ ಅಂಕಿ ಓದಿ. 137 6738 ಎಂದಿದ್ದರೆ 137 ಸಿಟಿಎಸ್ ಕಂಪನಿಯ ಗುರುತು, ಉಳಿದದ್ದು 1967ನೇ ಇಸವಿಯ 38ನೇ ವಾರ. ಪೆಡಲಿನ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಕಿತ್ತ ಪಾಟ್, ರೆಸಿಸ್ಟರ್, ಕೆಪಾಸಿಟರ್‌ಗಳನ್ನು ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ ಪೆಡಲಿನ ಜೊತೆಗೇ ಇಡಿ.

– ವಾದ್ಯ ರಿಪೇರಿಯವರು, ದಾವಣಗೆರೆ