ಬೆಳೆಗಾರರ ಖಾತೆ ಪರದೆಯಲ್ಲಿ ಬರಲು ತಡವಾಗುತ್ತಿರುವ ಬಗ್ಗೆ: ಮಂಡಿ ಮಾಲೀಕರಿಗೂ ಗುಮಾಸ್ತರಿಗೂ

ಮಾನ್ಯರೇ, ನಮಸ್ಕಾರ.

ಬರುವ ಭಾನುವಾರ ರಾತ್ರಿ 10 ಗಂಟೆಯಿಂದ ನಮ್ಮ ಲೆಕ್ಕದ ಸಾಫ್ಟ್‌ವೇರ್‌ನ ಡೇಟಾಬೇಸಿಗೆ, ಅಂದರೆ ನಿಮ್ಮ ಲೆಕ್ಕವೆಲ್ಲ ಕೂಡಿಟ್ಟಿರುವ ಜಾಗಕ್ಕೆ, ಹೊಸ ಇಂಡೆಕ್ಸ್‌ಗಳನ್ನು (ಬೇಕಾದ್ದನ್ನು ಬೇಗ ಹುಡುಕಿಕೊಡುವ ಸೂಚಿಗಳನ್ನು) ಹಾಕುತ್ತಿದ್ದೇವೆ. ಸೋಮವಾರ ನೀವು ಮಂಡಿ ಬಾಗಿಲು ತೆಗೆಯುವ ಹೊತ್ತಿಗೆ ಬೆಳೆಗಾರರ ಖಾತೆ ಹುಡುಕುವ ಪರದೆ ಸ್ವಲ್ಪ ಬದಲಾಗಿರುತ್ತದೆ. ಅದನ್ನು ವಿವರಿಸುವ ಮೊದಲು ಕ್ಷಮೆ ಕೇಳಬೇಕಿದೆ.

ಕೊಯ್ಲು ಶುರುವಾದಾಗಿನಿಂದ ಖಾತೆ ಬರಲು ತಡವಾಗುತ್ತಿದೆ ಎಂದು ಫೋನ್ ಮಾಡಿದವರಿಗೆಲ್ಲ "ಇಂಟರ್ನೆಟ್ ಸರಿ ಇದೆಯಾ ನೋಡಿ", "ಕಂಪ್ಯೂಟರ್ ಹಳೇದಾಯ್ತು" ಎಂದು ನಮ್ಮ ಹುಡುಗರು ಹೇಳಿದರು. ನಾನೂ ಹೇಳಿದೆ. ಅದು ತಪ್ಪು. ಮುಂಗಡ ಕೇಳಲು ಬಂದ ಬೆಳೆಗಾರರು ಎದುರಿಗೆ ಕೂತಿರುವಾಗ ಬಾಕಿ ಎಷ್ಟೆಂದು ಹೇಳಲಾಗದೆ ಪರದೆ ನೋಡುತ್ತ ಕೂತ ಗುಮಾಸ್ತರೆಲ್ಲರ ಕ್ಷಮೆ ಕೇಳುತ್ತೇನೆ. ನಮ್ಮ ಮಾತು ನಂಬಿ ಹೊಸ ಕಂಪ್ಯೂಟರ್ ಕೊಂಡ ಇಬ್ಬರು ಮಾಲೀಕರನ್ನು ಖುದ್ದಾಗಿ ಕಂಡು ಬಂದಿದ್ದೇನೆ. ಅವರಿಂದ ಈ ವರ್ಷದ ಶುಲ್ಕ ತೆಗೆದುಕೊಳ್ಳುವುದಿಲ್ಲ.

ಆದರೆ ಶಿರಸಿಯಿಂದ ಸಾಗರದವರೆಗೆ ಹೋದಲ್ಲೆಲ್ಲ ಕೇಳಿದ ಇನ್ನೊಂದು ಮಾತಿದೆ: "ದುಡ್ಡು ಉಳಿಸಲಿಕ್ಕೆ ಸಣ್ಣ ಸರ್ವರ್ ಇಟ್ಟುಕೊಂಡಿದ್ದಾರೆ." ಇದಕ್ಕೆ ಸುಮ್ಮನಿರಲಾರೆ. ಕಳೆದ ಮಳೆಗಾಲದಲ್ಲೇ ಎರಡು ಪಟ್ಟು ಮೆಮೊರಿ ಇರುವ ಸರ್ವರ್‌ಗೆ ಹೋದೆವು. ಆಗಿನಿಂದ ತಿಂಗಳು ತಿಂಗಳೂ ಹೆಚ್ಚಿನ ಬಾಡಿಗೆ ನಮ್ಮ ಕೈಯಿಂದಲೇ ಹೋಗುತ್ತಿದೆ. ನಿಮ್ಮ ಬಿಲ್ಲಿಗೆ ಒಂದು ರೂಪಾಯಿ ಸೇರಿಸಿಲ್ಲ. ಕೆಲವು ವಾರ ಚುರುಕಾಗಿ ನಡೆಯಿತು. ಹೊಸ ಅಡಿಕೆಯ ಮಾರಾಟದ ಪಟ್ಟಿಗಳು ಬಂದು ತುಂಬಿದ ಮೇಲೆ ಮತ್ತೆ ಮೊದಲಿನ ಹಾಗೇ ಆಯಿತು. ಖರ್ಚು ಮಾಡಿಯೂ ಜಿಪುಣರೆನಿಸಿಕೊಂಡದ್ದು ನೋವಿನ ಸಂಗತಿ.

ತಡವಾಗುವ ಕ್ವೆರಿಗಳನ್ನು (ಡೇಟಾಬೇಸಿಗೆ ಹೋಗುವ ಪ್ರಶ್ನೆಗಳನ್ನು) ಅದರ ದಾಖಲೆಯಾದ ಲಾಗ್‌ನಲ್ಲಿ ಹಿಡಿದು, ಉತ್ತರ ಹೇಗೆ ಹುಡುಕುತ್ತದೆಂದು ತೋರಿಸುವ ಎಕ್ಸ್‌ಪ್ಲೇನ್ ಆಜ್ಞೆಯನ್ನು ಒಂದೊಂದಕ್ಕೂ ಕೊಟ್ಟು ನೋಡಿದಾಗ ಎಲ್ಲ ಕಡೆ ಸೀಕ್ವೆನ್ಷಿಯಲ್ ಸ್ಕ್ಯಾನ್ ಕಂಡಿತು. ಅಂದರೆ ಒಬ್ಬ ಬೆಳೆಗಾರರ ಜಮಾ-ಖರ್ಚು ತೋರಿಸಲು ಎಲ್ಲರ, ಎಲ್ಲ ವರ್ಷಗಳ ಪಟ್ಟಿಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದುತ್ತಿತ್ತು. ನಾವು ಮೊದಲು ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸಿನಲ್ಲಿ ಇದ್ದವರು. ಅಲ್ಲಿ ಫಾರಿನ್ ಕೀ (ಪಟ್ಟಿಯನ್ನು ಬೆಳೆಗಾರರ ಖಾತೆಗೆ ಜೋಡಿಸುವ ಕೊಂಡಿ) ಕೊಟ್ಟರೆ ಇಂಡೆಕ್ಸ್ ತಾನಾಗಿ ಬರುತ್ತದೆ. ಈಗ ಬಳಸುವ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಬರುವುದಿಲ್ಲ, ನಾವೇ ಹಾಕಬೇಕು. ಬದಲಾಯಿಸುವಾಗ ಅದನ್ನು ಗಮನಿಸದೆ ಹೋದದ್ದು ನಮ್ಮ ತಪ್ಪು, ಬೇರೆ ಯಾರದ್ದೂ ಅಲ್ಲ. ದೊಡ್ಡ ಸರ್ವರ್ ತಂದದ್ದೆಂದರೆ ಇಡೀ ಲೆಡ್ಜರ್ ಮಗುಚಲು ಇನ್ನೊಬ್ಬ ಆಳು ಇಟ್ಟ ಹಾಗೆ. ಬೇಕಿದ್ದದ್ದು ಹಳೇ ಖಾತೆ ಪುಸ್ತಕದ ಮುಂದಿರುತ್ತಿದ್ದ ಅಕಾರಾದಿ ಪುಟ. ಈಗ ಬೆಳೆಗಾರರ ಖಾತೆ ನಂಬರು, ಅದರ ಬೆನ್ನಿಗೆ ತಾರೀಕು, ಈ ಕ್ರಮದಲ್ಲಿ ಇಂಡೆಕ್ಸ್ ಹಾಕಿ ನಕಲು ಡೇಟಾಬೇಸಿನಲ್ಲಿ ನೋಡಿದ್ದೇವೆ. 9 ಸೆಕೆಂಡು ಕಾಯಿಸುತ್ತಿದ್ದ ಖಾತೆ ಎಂಟರ್ ಒತ್ತಿದ ಕೂಡಲೇ ಬಂತು.

ಇನ್ನು ಪರದೆಯ ಬದಲಾವಣೆ. ಇಷ್ಟು ದಿನ ಹೆಸರಿನ ನಡುವಿನ ಯಾವ ತುಂಡು ಹಾಕಿದರೂ ಹುಡುಕುತ್ತಿತ್ತು. ಸೋಮವಾರದಿಂದ ಮೊದಲು ಊರು ಆರಿಸಿ, ಆಮೇಲೆ ಹೆಸರಿನ ಆರಂಭದ ಅಕ್ಷರಗಳನ್ನು ಹಾಕಬೇಕು. ಅಕಾರಾದಿ ಪುಟದಲ್ಲಿ ಹೆಸರಿನ ಕೊನೆಯ ಭಾಗ ಹಿಡಿದು ಹುಡುಕಲು ಬರುವುದಿಲ್ಲವಲ್ಲ, ಇಲ್ಲೂ ಹಾಗೆಯೇ. ಬರೀ "ಹೆಗಡೆ" ಎಂದು ಹಾಕಿ ಉದ್ದ ಪಟ್ಟಿಯಲ್ಲಿ ಕಣ್ಣಾಡಿಸುತ್ತಿದ್ದ ಗುಮಾಸ್ತರಿಗೆ ಮೊದಲೆರಡು ದಿನ ಕಿರಿಕಿರಿಯಾಗಬಹುದು.

ಎಲ್ಲ ಕಾಲಂಗಳಿಗೂ ಇಂಡೆಕ್ಸ್ ಹಾಕಿಬಿಡಿ ಎಂದು ಒಬ್ಬ ಮಾಲೀಕರು ಕೇಳಿದರು. ಹಾಕಬಹುದು, ಆದರೆ ಹೊಸ ಪಟ್ಟಿ ಸೇರಿಸಿದಾಗಲೆಲ್ಲ ಅಷ್ಟೂ ಇಂಡೆಕ್ಸ್‌ಗಳಲ್ಲಿ ಬರೆಯಬೇಕಾಗುತ್ತದೆ. ಟೆಂಡರ್ ಮುಗಿದು ಎಲ್ಲರೂ ಒಟ್ಟಿಗೆ ಪಟ್ಟಿ ಹಾಕುವ ಹೊತ್ತಿನಲ್ಲಿ ಅದು ಭಾರ. ಹಾಗಾಗಿ ಮೂರೇ ಹಾಕುತ್ತಿದ್ದೇವೆ.

ಇಂಡೆಕ್ಸ್ ಹಾಕುವುದರಿಂದ ನಿಮ್ಮ ತೂಕ, ದರ, ಬಾಕಿ ಯಾವ ಅಂಕಿಯೂ ಬದಲಾಗುವುದಿಲ್ಲ. ಆದರೂ ಶನಿವಾರವೇ ಪೂರ್ತಿ ಬ್ಯಾಕಪ್ ತೆಗೆದಿಡುತ್ತೇವೆ. ಭಾನುವಾರ ರಾತ್ರಿಯೂ ಪಟ್ಟಿ ಹಾಕಬಹುದು, ಬರೆಯುವುದನ್ನು ತಡೆಯದ ರೀತಿಯಲ್ಲೇ ಇಂಡೆಕ್ಸ್ ಕಟ್ಟುತ್ತೇವೆ. ಸೋಮವಾರ ಬೆಳಿಗ್ಗೆ ನಾನೇ ಶಿರಸಿ ಮಾರ್ಕೆಟ್ ಯಾರ್ಡಿನಲ್ಲಿರುತ್ತೇನೆ. ಸಿದ್ದಾಪುರ, ಸಾಗರಕ್ಕೆ ನಮ್ಮ ಹುಡುಗರು ಬರುತ್ತಾರೆ. ಯಾವುದಾದರೂ ಖಾತೆ ಇನ್ನೂ ತಡವಾದರೆ ಖಾತೆ ನಂಬರು, ಹೊತ್ತು ಬರೆದಿಟ್ಟುಕೊಳ್ಳಿ. ಕಂಪ್ಯೂಟರ್ ಹಳೇದು ಎಂದು ಈ ಬಾರಿ ಹೇಳುವುದಿಲ್ಲ.

ಇಂತಿ,
ನಿಮ್ಮ ಲೆಕ್ಕದ ಸಾಫ್ಟ್‌ವೇರ್‌ನವರ ಪರವಾಗಿ